ನನ್ನ ತಮ್ಮನ ಇಂಜೆಕ್ಷನ್ ವಿಧಾನಸೌಧಕ್ಕೆ ಹೋಗಿ ಬಂದ ಕಥೆ

“ಸ್ಟಾಕ್ ಇಲ್ಲಮ್ಮ. ಇಂಡೆಂಟ್ ಹಾಕಿದೀವಿ. ಮುಂದಿನ ವಾರ ಬನ್ನಿ.”

ಐದು ವಾರ ಇದೇ ಮೂರು ಮಾತು ಕೇಳಿದೆ. ಅದೇ ಕಿಟಕಿ, ಅದೇ ಕಬ್ಬಿಣದ ಸರಳು, ಸರಳಿನ ಆಚೆ ಅದೇ ಫಾರ್ಮಸಿಸ್ಟ್. ಅವರದೇನೂ ತಪ್ಪಿರಲಿಲ್ಲ. ಮೂರನೇ ವಾರದಿಂದ ಅವರು ನನ್ನ ಮುಖ ನೋಡದೆ ಉತ್ತರ ಕೊಡತೊಡಗಿದರು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ, ಸಂಕಟವಾಯಿತು.

ನನ್ನ ತಮ್ಮನಿಗೆ ಸ್ಕಿಜೋಫ್ರೇನಿಯಾ ಅನ್ನುವ ಮಾನಸಿಕ ಕಾಯಿಲೆ ಇದೆ. ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಶುರುವಾಯಿತು. ಅಲ್ಲಿಯವರೆಗೆ ಪೀಣ್ಯದ ಒಂದು ಮೆಷಿನ್ ಶಾಪಿನಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದ. ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾದರೂ ಪೀಸು ರಿಜೆಕ್ಟ್ ಆಗುವಂಥ ಕೆಲಸ. ಅಂಥ ಕೆಲಸದಲ್ಲಿ ಒಳ್ಳೆ ಹೆಸರು ತೆಗೆದುಕೊಂಡಿದ್ದ ಹುಡುಗ. ಕಾಯಿಲೆ ಬಂದ ಮೇಲೆ ದಿನಾ ಮಾತ್ರೆ ನುಂಗುವುದು ಅವನಿಗೆ ಕಷ್ಟವಾಯಿತು. ಒಂದು ದಿನ ಮರೆಯುತ್ತಿದ್ದ, ಇನ್ನೊಂದು ದಿನ ಬೇಡ ಅನ್ನುತ್ತಿದ್ದ. ಆಗ ಡಾಕ್ಟರು ಫ್ಲೂಫೆನಜಿನ್ ಅನ್ನುವ ಇಂಜೆಕ್ಷನ್ ಬರೆದುಕೊಟ್ಟರು. ಎಣ್ಣೆಯಲ್ಲಿ ಕರಗಿಸಿದ ಔಷಧಿ ಅದು. ಸೊಂಟದ ಸ್ನಾಯುವಿಗೆ ಚುಚ್ಚಿದರೆ ನಿಧಾನವಾಗಿ ರಕ್ತಕ್ಕೆ ಇಳಿಯುತ್ತಾ ವಾರಗಟ್ಟಲೆ ಕೆಲಸ ಮಾಡುತ್ತದೆ. ನನ್ನ ತಮ್ಮನಿಗೆ ಮೂರು ವಾರಕ್ಕೊಂದು. ಇದು ಶುರುವಾದ ಮೇಲೆ ನಮ್ಮ ಮನೆಯಲ್ಲಿ ರಾತ್ರಿ ನಿದ್ದೆ ಅನ್ನೋದು ವಾಪಸ್ ಬಂತು. ಅಮ್ಮ ಮತ್ತೆ ಸಂಜೆ ಹೊತ್ತು ಪಕ್ಕದ ಮನೆಗೆ ಹೋಗಿ ಕೂರತೊಡಗಿದಳು.

ಆ ಐದು ವಾರದಲ್ಲಿ ಒಂದು ಡೋಸ್ ಪೂರ್ತಿ ತಪ್ಪಿತು, ಎರಡನೆಯದು ಕೂಡ ತಪ್ಪುವ ಹಂತಕ್ಕೆ ಬಂತು. ಹನ್ನೊಂದು ಮೆಡಿಕಲ್ ಶಾಪ್ ಕೇಳಿದೆ. ಎಲ್ಲೂ ಸಿಗಲಿಲ್ಲ. ಇದನ್ನ ಜಾಸ್ತಿ ಯಾರೂ ಕೇಳಲ್ಲ ಮೇಡಂ, ಅದಕ್ಕೇ ಇಡಲ್ಲ ಅಂದರು. ನಾಲ್ಕನೇ ವಾರದ ಒಂದು ರಾತ್ರಿ ತಮ್ಮ ಎದ್ದು ಬಂದು “ಅಕ್ಕ, ಫ್ಯಾನ್ ಆಫ್ ಮಾಡ್ತೀಯಾ?” ಅಂದ. ಸೆಖೆಯ ರಾತ್ರಿ. ಯಾಕೋ ಅಂದೆ. ಫ್ಯಾನ್ ತನ್ನ ಹೆಸರು ಹಿಡಿದು ಕರೆಯುತ್ತಿದೆ ಅಂದ. ಹೇಳುವಾಗ ಅವನಿಗೆ ನಾಚಿಕೆಯಾಗುತ್ತಿತ್ತು. ಇದು ಕಾಯಿಲೆ ಅಂತ ಅವನಿಗೆ ಅರ್ಧ ಗೊತ್ತಿತ್ತು, ಅರ್ಧ ಗೊತ್ತಿರಲಿಲ್ಲ. ಫ್ಯಾನ್ ನಿಲ್ಲಿಸಿ ಬೆಳಗಿನವರೆಗೂ ಅವನ ಪಕ್ಕ ಕೂತಿದ್ದೆ. ಮಧ್ಯರಾತ್ರಿ ದಾಟಿದ ಮೇಲೆ 14416ಕ್ಕೆ ಫೋನ್ ಮಾಡಿದೆ. ಟೆಲಿ ಮನಸ್ ಅಂತ 2022ರ ಅಕ್ಟೋಬರ್‌ನಲ್ಲಿ ಶುರುವಾದ ಸಹಾಯವಾಣಿ ಅದು. ಆ ಕಡೆಯಿಂದ ಮಾತಾಡಿದ ಹುಡುಗಿ ಇಪ್ಪತ್ತು ನಿಮಿಷ ತಾಳ್ಮೆಯಿಂದ ಕೇಳಿಸಿಕೊಂಡಳು. ಅವನನ್ನು ಒಂಟಿಯಾಗಿ ಬಿಡಬೇಡಿ, ಬೆಳಗ್ಗೆಯೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಅಂದಳು. ಆ ರಾತ್ರಿ ಆ ದನಿ ನನಗೆ ದೊಡ್ಡ ಆಸರೆಯಾಯಿತು. ಆದರೆ ಇಂಜೆಕ್ಷನ್ ಫೋನಿನಲ್ಲಿ ಬರುವುದಿಲ್ಲವಲ್ಲ.

ನಮ್ಮಂಥ ಮನೆಯವರು ಕೆಲವರು ತಿಂಗಳಿಗೊಮ್ಮೆ ಒಂದು ಕಡೆ ಸೇರುತ್ತೇವೆ. ಸಂಘ, ರಿಜಿಸ್ಟ್ರೇಶನ್ ಅಂತೆಲ್ಲ ಏನಿಲ್ಲ. ಮಗಳನ್ನು ನೋಡಿಕೊಳ್ಳುವ ಅಪ್ಪ, ಗಂಡನನ್ನು ನೋಡಿಕೊಳ್ಳುವ ಹೆಂಡತಿ, ಹೀಗೆ. ಅಲ್ಲಿ ಒಬ್ಬರು ರಿಟೈರ್ಡ್ ಮೇಷ್ಟ್ರು 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರತಿ ತಂದಿದ್ದರು. 18ನೇ ಕಲಂನ 10ನೇ ಉಪಕಲಂ ಓದಿ ತೋರಿಸಿದರು. ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಮಾನಸಿಕ ಕಾಯಿಲೆಯ ಔಷಧಿಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಹಿಡಿದು ಮೇಲಿನ ಎಲ್ಲಾ ಸರ್ಕಾರಿ ಆಸ್ಪತ್ರೆಗಳಲ್ಲಿ ಎಲ್ಲಾ ಕಾಲದಲ್ಲೂ ಪುಕ್ಕಟೆ ಸಿಗಬೇಕು. “ಎಲ್ಲಾ ಕಾಲದಲ್ಲೂ” ಅನ್ನುವ ಮಾತಿನ ಕೆಳಗೆ ಅವರು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು. 2018ರ ಮೇ 29ರಿಂದ ಜಾರಿಯಲ್ಲಿರುವ ಕಾನೂನು. ನನಗೆ ಅಲ್ಲಿಯವರೆಗೂ ಗೊತ್ತೇ ಇರಲಿಲ್ಲ. ಸರ್ಕಾರ ದೊಡ್ಡ ಮನಸ್ಸು ಮಾಡಿ ಕೊಡುತ್ತಿದೆ, ಇಲ್ಲದಾಗ ನಾವು ಸುಮ್ನೆ ಇರಬೇಕು ಅಂದುಕೊಂಡಿದ್ದೆ.

“ಸದನದಲ್ಲಿ ಕೇಳಿಸಿ,” ಅಂದರು ಮೇಷ್ಟ್ರು. ಅವರ ಹಳೇ ಶಿಷ್ಯರೊಬ್ಬರು ವಿಧಾನ ಪರಿಷತ್ ಸದಸ್ಯರೊಬ್ಬರ ಹತ್ತಿರ ಕೆಲಸಕ್ಕಿದ್ದರು. ಆ ಸದಸ್ಯರ ಹೆಸರು, ಪಕ್ಷ ಇಲ್ಲಿ ಬೇಡ. ಒಂದು ಮಾತು ಮಾತ್ರ ಹೇಳುತ್ತೇನೆ. ನಮ್ಮ ಮನೆಯ ವೋಟಿನಿಂದ ಅವರಿಗೆ ಏನೂ ಆಗಬೇಕಿರಲಿಲ್ಲ. ಆದರೂ ಕೇಳಿಸಿಕೊಂಡರು.

ಪೀಣ್ಯದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ, ವಿಧಾನಸೌಧ ನಿಲ್ದಾಣದಲ್ಲಿ ಇಳಿದು ಶಾಸಕರ ಭವನಕ್ಕೆ ಹೋದೆ. ಕೈಯಲ್ಲಿ ನಾಲ್ಕು ಪುಟದ ಪತ್ರ. ಎರಡು ರಾತ್ರಿ ಕೂತು ಬರೆದಿದ್ದೆ. ತಮ್ಮನ ಹೆಸರು, ವಯಸ್ಸು, ಕೆಲಸ ಬಿಟ್ಟ ದಿನ, ಫ್ಯಾನಿನ ಕಥೆ, ಅಮ್ಮನ ಬಿಪಿ, ಎಲ್ಲವೂ ಅದರಲ್ಲಿತ್ತು. ಸದಸ್ಯರ ಆಪ್ತ ಸಹಾಯಕರು ಕನ್ನಡಕ ಏರಿಸಿಕೊಂಡು ಪೂರ್ತಿ ಓದಿದರು. ಒಂದು ಪುಟವನ್ನೂ ಹಾರಿಸಲಿಲ್ಲ. ಆಮೇಲೆ ಪತ್ರವನ್ನು ಮಡಚಿ ಮೇಜಿನ ಮೇಲಿಟ್ಟು ಹೇಳಿದರು: “ಮೇಡಂ, ಇದು ಅರ್ಜಿ. ಪ್ರಶ್ನೆ ಇನ್ನೂ ಆಗಿಲ್ಲ.”

ಮುಂದಿನ ಒಂದು ಗಂಟೆ ಅವರು ನನಗೆ ಪಾಠ ಮಾಡಿದರು. ನಾನು ಓದಿದ ಕಾಲೇಜಿನಲ್ಲೂ ಯಾರೂ ಇಷ್ಟು ಬಿಡಿಸಿ ಹೇಳಿರಲಿಲ್ಲ.

ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಎದ್ದು ನಿಂತು ಉತ್ತರ ಕೊಡಬೇಕು, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ್ದಕ್ಕೆ ಬರವಣಿಗೆಯಲ್ಲಿ ಮಾತ್ರ ಉತ್ತರ. ತುಂಬಾ ಅರ್ಜೆಂಟಾದ ಸಾರ್ವಜನಿಕ ವಿಷಯಕ್ಕೆ ಗಮನ ಸೆಳೆಯುವ ಸೂಚನೆ ಬೇರೆ ಇದೆ. ಶೂನ್ಯ ವೇಳೆ ಇದೆ. ಆದರೆ ಅಂಕಿ ಅಂಶ ಕಾಗದದ ಮೇಲೆ ಬೇಕು ಅಂದರೆ ಪ್ರಶ್ನೆಯೇ ಸರಿಯಾದ ದಾರಿ ಅಂದರು. ಪ್ರಶ್ನೆಯನ್ನು ಉತ್ತರದ ದಿನಕ್ಕಿಂತ ಬಹಳ ಮೊದಲೇ ಪರಿಷತ್ತಿನ ಸಚಿವಾಲಯಕ್ಕೆ ಕೊಡಬೇಕು. ಅದರಲ್ಲಿ ವಾದ ಇರಬಾರದು, ಬೈಗುಳ ಇರಬಾರದು, ಅಭಿಪ್ರಾಯ ಕೇಳಬಾರದು. ಕೋರ್ಟಿನಲ್ಲಿರುವ ವಿಷಯ ಕೇಳಬಾರದು. ಒಬ್ಬ ವ್ಯಕ್ತಿಯ ಖಾಸಗಿ ವಿಷಯ ತರಬಾರದು.

ಇದು ಕೇಳಿ ನನಗೆ ಗಂಟಲು ಕಟ್ಟಿತು. ಹಾಗಾದರೆ ನನ್ನ ತಮ್ಮ ಇದರಲ್ಲಿ ಎಲ್ಲೂ ಬರುವುದಿಲ್ಲವಾ ಅಂದೆ. “ಬರೋದಿಲ್ಲ ಮೇಡಂ,” ಅಂದರು. “ಅವರ ಜಾಗದಲ್ಲಿ ‘ರೋಗಿಗಳು’ ಅಂತ ಬರುತ್ತೆ. ಅದರಲ್ಲಿ ಅವರೂ ಇರ್ತಾರೆ, ಅವರಂಥ ಎಷ್ಟೋ ಜನಾನೂ ಇರ್ತಾರೆ.”

ನಿಮ್ಹಾನ್ಸ್ ಬಗ್ಗೆಯೂ ಒಂದು ಪ್ರಶ್ನೆ ಬರೆದುಕೊಂಡು ಹೋಗಿದ್ದೆ. ಹೊಸೂರು ರಸ್ತೆಯ ಆ ಆಸ್ಪತ್ರೆಯ ಹೊರರೋಗಿ ವಿಭಾಗದ ಮೇಲೆ ಬೀಳುವ ಒತ್ತಡ ಬೆಂಗಳೂರಿನ ಯಾರಿಗೆ ಗೊತ್ತಿಲ್ಲ? ಅದನ್ನು ಅವರು ಪಕ್ಕಕ್ಕಿಟ್ಟರು. 2012ರ ಕಾಯ್ದೆ ಪ್ರಕಾರ ಅದು ರಾಷ್ಟ್ರೀಯ ಮಹತ್ವದ ಸಂಸ್ಥೆ, ಕೇಂದ್ರಕ್ಕೆ ಸೇರಿದ್ದು. ಅದರ ಬಗ್ಗೆ ಲೋಕಸಭೆ ಅಥವಾ ರಾಜ್ಯಸಭೆಯಲ್ಲಿ ಕೇಳಬೇಕು. ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆ ಸಂವಿಧಾನದ ರಾಜ್ಯ ಪಟ್ಟಿಯ 6ನೇ ನಮೂದು. ಹಾಗಾಗಿ ಜಿಲ್ಲಾ ಆಸ್ಪತ್ರೆ, ತಾಲ್ಲೂಕು ಆಸ್ಪತ್ರೆಗಳ ಬಗ್ಗೆ ಇಲ್ಲೇ ಕೇಳಬಹುದು. ಅಲ್ಲೂ ಬೆಂಗಳೂರಿನದು ಬೇರೆಯದೇ ತೊಡಕು. ಮಲ್ಲೇಶ್ವರದ ಕೆ.ಸಿ. ಜನರಲ್, ಜಯನಗರ ಜನರಲ್ ಆಸ್ಪತ್ರೆ ಆರೋಗ್ಯ ಇಲಾಖೆಗೆ ಸೇರಿದವು. ವಿಕ್ಟೋರಿಯಾ, ಬೌರಿಂಗ್ ವೈದ್ಯಕೀಯ ಶಿಕ್ಷಣ ಇಲಾಖೆಗೆ. ಪಾಲಿಕೆಯ ಆಸ್ಪತ್ರೆಗಳ ವಿಷಯ ಆಗ ನಗರಾಭಿವೃದ್ಧಿ ಇಲಾಖೆಗೆ ಹೋಗುತ್ತಿತ್ತು. ಅಂಗವಿಕಲರ ಪಿಂಚಣಿ, ಗುರುತಿನ ಚೀಟಿ ಅಂತ ಹೊರಟರೆ ಮತ್ತೆ ಬೇರೆ ಇಲಾಖೆಗಳು. ತಪ್ಪು ಇಲಾಖೆಗೆ ಪ್ರಶ್ನೆ ಹಾಕಿದರೆ ಅದು ಅಲ್ಲಿಂದ ಇಲ್ಲಿಗೆ ವರ್ಗವಾಗುತ್ತಾ ಕೂರುತ್ತದೆ, ಅಷ್ಟರಲ್ಲಿ ಅಧಿವೇಶನವೇ ಮುಗಿದಿರುತ್ತದೆ.

ರಾಜ್ಯದಲ್ಲಿ ಇಂಥ ರೋಗಿಗಳು ಎಷ್ಟು ಜನ ಇದ್ದಾರೆ ಅಂತ ಸದಸ್ಯರು ಕೇಳಿದರು. ನಿಮ್ಹಾನ್ಸ್ 2015-16ರಲ್ಲಿ ಮಾಡಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ಹುಡುಕಿ ಓದಿದೆ. 12 ರಾಜ್ಯಗಳಲ್ಲಿ ನಡೆದಿದೆ. ಪಕ್ಕದ ಕೇರಳ, ತಮಿಳುನಾಡು ಇದೆ. ಕರ್ನಾಟಕ ಇಲ್ಲ. ನಮ್ಮೂರಲ್ಲೇ ಇರುವ ಸಂಸ್ಥೆ ಮಾಡಿದ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಲೆಕ್ಕ ಇಲ್ಲ. ಅದನ್ನು ನೋಡಿ ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ.

ಮೊದಲ ಸಲ ಸಮಯ ಕಮ್ಮಿ ಇತ್ತು. ಚುಕ್ಕೆ ಗುರುತಿಲ್ಲದ ಪ್ರಶ್ನೆ ಹೀಗೆ ಹೋಯಿತು: ಸರ್ಕಾರಿ ಆಸ್ಪತ್ರೆಗಳಲ್ಲಿ ಮಾನಸಿಕ ರೋಗಿಗಳಿಗೆ ನೀಡುವ ಔಷಧಗಳ ಕೊರತೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ, ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು? ಓದಿ ನೋಡಿದಾಗ ಸರಿಯಾಗೇ ಇದೆ ಅನ್ನಿಸಿತು.

ಆಮೇಲೆ ನಡೆದದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಒಂದು ದಿನ ಆಸ್ಪತ್ರೆಯ ಕ್ಯೂನಲ್ಲಿ ನಿಂತಿದ್ದೆ. ಒಳಗೆ ಫಾರ್ಮಸಿಸ್ಟ್ ಫೋನ್ ಕಿವಿಗೆ ಒತ್ತಿಕೊಂಡು ಕಪಾಟಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಒಂದೊಂದೇ ಡಬ್ಬ ತೆಗೆದು ಎಣಿಸುತ್ತಿದ್ದರು. “ಹೌದು ಸಾರ್... ಇಲ್ಲ ಸಾರ್... ಬ್ಯಾಲೆನ್ಸ್ ನಿಲ್ ಸಾರ್...” ಫೋನ್ ಇಟ್ಟು ಪಕ್ಕದ ನರ್ಸ್‌ಗೆ ಹೇಳಿದರು: “ಎಲ್‌ಸಿಕ್ಯೂ ಬಂದಿದೆಯಂತೆ. ಬೆಳಗ್ಗೆಯಿಂದ ಮೂರನೇ ಫೋನ್.” ಎಲ್‌ಸಿಕ್ಯೂ ಅಂದರೆ ವಿಧಾನ ಪರಿಷತ್ತಿನ ಪ್ರಶ್ನೆ. ಆಫೀಸಿನವರು ಕರೆಯುವುದೇ ಹಾಗೆ. ನನ್ನ ಎದೆ ಹೊಡೆದುಕೊಳ್ಳತೊಡಗಿತು. ಶಾಸಕರ ಭವನದ ಆ ಮೇಜಿನ ಮೇಲೆ ಕೆಂಪು ಇಂಕಿನಲ್ಲಿ ತಿದ್ದಿದ ಎರಡು ಸಾಲು ಸಚಿವಾಲಯಕ್ಕೆ ಹೋಗಿ, ಅಲ್ಲಿಂದ ಇಲಾಖೆಗೆ, ಇಲಾಖೆಯಿಂದ ಜಿಲ್ಲಾ ಕಚೇರಿಗೆ, ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಕೊನೆಗೆ ಈ ಸರಳಿನ ಕಿಟಕಿಗೆ ಬಂದು ಮುಟ್ಟಿತ್ತು. ಐದು ವಾರ ನಾನು ಹೊರಗಿನಿಂದ ಕೇಳಿದ್ದನ್ನೇ ಈಗ ಮೇಲಿನಿಂದ ಕೇಳುತ್ತಿದ್ದರು.

ನಾಲ್ಕು ದಿನಕ್ಕೆ ಇಂಜೆಕ್ಷನ್ ಬಂತು. ಉತ್ತರದ ದಿನ ಇನ್ನೂ ಬಂದೇ ಇರಲಿಲ್ಲ. ತಮ್ಮನಿಗೆ ಅವತ್ತೇ ಚುಚ್ಚಿಸಿದೆವು. ವಾಪಸ್ ಬರುವಾಗ ಅಮ್ಮ ದಾರಿಯ ಗಣಪತಿ ಗುಡಿಯ ಮುಂದೆ ನಿಂತು ಕಣ್ಣು ಮುಚ್ಚಿ ಕೈ ಮುಗಿದಳು. ನಾನು ಮನಸ್ಸಿನಲ್ಲೇ ಆ ಆಪ್ತ ಸಹಾಯಕರಿಗೂ ಕೈ ಮುಗಿದೆ.

ಆಮೇಲೆ ಲಿಖಿತ ಉತ್ತರ ಬಂತು. ಕ್ರಮಸಂಖ್ಯೆ, ಪ್ರಶ್ನೆ, ಉತ್ತರ ಅಂತ ಅಂಕಣ ಮಾಡಿದ ಹಾಳೆ. (ಅ)ಗೆ ಎದುರಾಗಿ: ಪ್ರಸ್ತುತ ಔಷಧಗಳ ಕೊರತೆ ಇರುವುದಿಲ್ಲ. (ಆ)ಗೆ ಎದುರಾಗಿ: ಉದ್ಭವಿಸುವುದಿಲ್ಲ.

ಉದ್ಭವಿಸುವುದಿಲ್ಲ. ಆ ಪದವನ್ನು ನಾನು ಎಷ್ಟು ಸಲ ಓದಿದೆನೋ. ಕೊರತೆಯೇ ಇಲ್ಲ ಅಂದ ಮೇಲೆ ಕ್ರಮದ ಪ್ರಶ್ನೆಯೇ ಹುಟ್ಟುವುದಿಲ್ಲ ಅಂತ ಅರ್ಥ. ನಮ್ಮ ಮನೆಯ ಆ ಐದು ವಾರ, ಆ ಫ್ಯಾನು, ಆ ರಾತ್ರಿ, ಯಾವುದೂ ಉದ್ಭವಿಸಲೇ ಇಲ್ಲ. ಸುಳ್ಳು ಹೇಳಿದ್ದಾರೆ ಅನ್ನೋಣ ಅಂದರೆ ಅದೂ ಅಲ್ಲ. ಉತ್ತರ ಬರೆದ ದಿನ ಕಪಾಟಿನಲ್ಲಿ ಔಷಧಿ ಇತ್ತು. ಪ್ರಶ್ನೆ ಬಂದಿದ್ದರಿಂದಲೇ ಬಂದಿತ್ತು. ಅದನ್ನೇ ತೋರಿಸಿ ಕೊರತೆ ಇಲ್ಲ ಅಂದುಬಿಟ್ಟರು.

ಅಡುಗೆಮನೆಯಲ್ಲಿ ಕೂತು ಅಮ್ಮನಿಗೆ ಈ ಉತ್ತರ ಓದಿ ಹೇಳುತ್ತಿದ್ದೆ. ತಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ. ಇಂಜೆಕ್ಷನ್ ಆಗಿ ಹತ್ತು ದಿನ ಕಳೆದಿತ್ತು, ಮುಖದಲ್ಲಿ ಕಳೆ ಬಂದಿತ್ತು. ಹಾಳೆ ತೆಗೆದುಕೊಂಡು ತಾನೇ ಓದಿದ. “ಇದರಲ್ಲಿ ಡೇಟೇ ಇಲ್ವಲ್ಲ ಅಕ್ಕ,” ಅಂದ.

“ಏನು ಡೇಟು?”

“ಯಾವತ್ತು ಅಳೆದಿದ್ದು ಅಂತ. ನಮ್ಮ ಶಾಪಲ್ಲಿ ಪೀಸ್ ಅಳೆದರೆ ಜಾಬ್ ಕಾರ್ಡಲ್ಲಿ ಡೇಟು, ಟೈಮು ಬರೀಬೇಕು. ಬೆಳಗ್ಗೆ ಮೆಷಿನ್ ತಣ್ಣಗಿರುತ್ತೆ, ಮಧ್ಯಾಹ್ನ ಬಿಸಿ ಆಗಿರುತ್ತೆ. ಸೈಜ್ ಬದಲಾಗುತ್ತೆ. ಡೇಟು ಟೈಮು ಇಲ್ಲ ಅಂದ್ರೆ ಆ ಅಳತೆ ಇನ್ಸ್‌ಪೆಕ್ಟರ್ ತಗೊಳಲ್ಲ.” ಹಾಳೆಯಲ್ಲಿ ‘ಪ್ರಸ್ತುತ’ ಅನ್ನುವ ಪದದ ಮೇಲೆ ಬೆರಳಿಟ್ಟ. “ಇದು ಯಾವತ್ತಿನ ಅಳತೆ ಅಂತ ಕೇಳು.”

ನಾನು ಎರಡು ರಾತ್ರಿ ಕೂತು ಬರೆದ ನಾಲ್ಕು ಪುಟದಲ್ಲಿ ಇಲ್ಲದ ಮಾತು ಅದು. ಆಪ್ತ ಸಹಾಯಕರಿಗೆ ಫೋನ್ ಮಾಡಿ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ನಿಮ್ಮ ತಮ್ಮ ಹೇಳಿದ್ರಾ? ಮುಂದಿನ ಅಧಿವೇಶನಕ್ಕೆ ಅವರನ್ನೇ ಕೂರಿಸಿಕೊಂಡು ಬರೆಯೋಣ ಮೇಡಂ,” ಅಂದರು.

ಮೂರು ತಿಂಗಳು ಬಿಟ್ಟು ಮತ್ತೆ ಸ್ಟಾಕ್ ಮುಗಿಯಿತು. ಈ ಸಲ ನಾನು ಅಳುತ್ತಾ ಕೂರಲಿಲ್ಲ. ಇಂಜೆಕ್ಷನ್ನನ್ನು ದೂರದ ಇನ್ನೊಂದು ಆಸ್ಪತ್ರೆಯಿಂದ ಹೇಗೋ ಹೊಂದಿಸಿದೆವು. ಜೊತೆಗೇ ಒಂದು ನೋಟ್‌ಬುಕ್ ಇಟ್ಟೆ. ಯಾವ ದಿನ ಹೋದೆ, ಕಿಟಕಿಯಲ್ಲಿ ಏನಂದರು, ಅಷ್ಟೇ. ನಮ್ಮ ಗುಂಪಿನ ಉಳಿದ ಮನೆಯವರೂ ಬರೆದಿಟ್ಟರು. ಆ ನೋಟ್‌ಬುಕ್ ಹಿಡಿದು ಶಾಸಕರ ಭವನಕ್ಕೆ ಹೋದೆ, ಈ ಸಲ ತಮ್ಮನ ಜೊತೆ. ಅವನು ಗುಂಪಿರುವ ಕಡೆ ಹೋಗುವುದಿಲ್ಲ. ಮೆಟ್ರೋದಲ್ಲಿ ಪೂರಾ ದಾರಿ ನನ್ನ ದುಪಟ್ಟಾದ ಅಂಚು ಹಿಡಿದುಕೊಂಡಿದ್ದ. ಆದರೆ ಆ ಮೇಜಿನ ಮುಂದೆ ಕೂತ ಮೇಲೆ ಮುಕ್ಕಾಲು ಗಂಟೆ ಒಂದೇ ಸಮ ಕೆಲಸ ಮಾಡಿದ.

ಎರಡನೇ ಪ್ರಶ್ನೆ ಹೀಗಿತ್ತು:

(ಅ) ಬೆಂಗಳೂರು ನಗರ ಜಿಲ್ಲೆಯ ಯಾವ ಯಾವ ಸರ್ಕಾರಿ ಆಸ್ಪತ್ರೆಗಳಲ್ಲಿ ಮಾನಸಿಕ ರೋಗಿಗಳಿಗೆ ಫ್ಲೂಫೆನಜಿನ್ ಚುಚ್ಚುಮದ್ದು ನೀಡಲಾಗುತ್ತಿದೆ. (ಆಸ್ಪತ್ರೆವಾರು ಮಾಹಿತಿ ನೀಡುವುದು)

(ಆ) ಕಳೆದ 12 ತಿಂಗಳುಗಳಲ್ಲಿ, ಪ್ರತಿ ತಿಂಗಳ ಕೊನೆಯ ದಿನಾಂಕಕ್ಕೆ ಇದ್ದಂತೆ, ಪ್ರತಿ ಆಸ್ಪತ್ರೆಯಲ್ಲಿ ಲಭ್ಯವಿದ್ದ ದಾಸ್ತಾನು ಎಷ್ಟು;

(ಇ) ದಾಸ್ತಾನು ಇಲ್ಲದ ತಿಂಗಳುಗಳಲ್ಲಿ ಆರೋಗ್ಯ ರಕ್ಷಾ ಸಮಿತಿಯ ನಿಧಿಯಿಂದ ಸ್ಥಳೀಯವಾಗಿ ಖರೀದಿಸಲಾಗಿದೆಯೇ; ಇಲ್ಲದಿದ್ದಲ್ಲಿ, ಕಾರಣವೇನು;

(ಈ) ಮಾನಸಿಕ ಆರೋಗ್ಯ ಕಾಯ್ದೆ 2017ರ ಕಲಂ 18(10)ನ್ನು ಪಾಲಿಸಲು ಕೈಗೊಂಡ ಕ್ರಮಗಳೇನು?

‘ಕೊರತೆ’ ಅನ್ನುವ ಪದವನ್ನು ಬೇಕಂತಲೇ ಬಿಟ್ಟೆವು. ಕೊರತೆ ಇದೆಯಾ ಅಂದರೆ ಇಲ್ಲ ಅನ್ನಬಹುದು. ಜನವರಿ ಕೊನೆಯ ದಿನ ಎಷ್ಟಿತ್ತು ಅಂದರೆ ಒಂದು ಸಂಖ್ಯೆ ಬರೆಯಲೇಬೇಕು. ‘ಇದ್ದಂತೆ’ ಅನ್ನುವುದು ಆಪ್ತ ಸಹಾಯಕರು ಸೇರಿಸಿದ ಪದ. ಸರ್ಕಾರಿ ಕನ್ನಡದಲ್ಲಿ ಅದಕ್ಕೆ ತೂಕ ಜಾಸ್ತಿ ಅಂದರು. ‘ಕೊನೆಯ ದಿನ’ ನನ್ನ ತಮ್ಮನದು. ಇಡೀ ರಾಜ್ಯದ ಮಾಹಿತಿ ಕೇಳೋಣ ಅಂತ ನನಗಿತ್ತು. ಸದಸ್ಯರೇ ಬೇಡ ಅಂದರು. ಅಷ್ಟು ಕೇಳಿದರೆ ‘ಮಾಹಿತಿ ಸಂಗ್ರಹಿಸಲಾಗುತ್ತಿದೆ’ ಅಂತ ಬರುತ್ತೆ, ಒಂದು ಜಿಲ್ಲೆ ಕೇಳಿದರೆ ತಪ್ಪಿಸಿಕೊಳ್ಳೋಕಾಗಲ್ಲ ಅಂದರು.

ಈ ಸಲ ಚುಕ್ಕೆ ಗುರುತು ಸಿಕ್ಕಿತು. ಉತ್ತರದ ದಿನ ಸದಸ್ಯರು ಪ್ರೇಕ್ಷಕರ ಗ್ಯಾಲರಿಗೆ ಪಾಸ್ ಮಾಡಿಸಿಕೊಟ್ಟರು. ತಮ್ಮ ಬರಲಿಲ್ಲ, ಅಷ್ಟು ಜನರ ಮಧ್ಯೆ ಆಗಲ್ಲ ಅಂದ. ಮೇಷ್ಟ್ರು ಬಂದರು. ಫೋನ್, ಬ್ಯಾಗ್ ಹೊರಗೇ ಇಡಬೇಕು. ಒಳಗೆ ಮಾತಾಡಬಾರದು, ಚಪ್ಪಾಳೆ ತಟ್ಟಬಾರದು.

75 ಸದಸ್ಯರ ಮನೆ ಅದು, ಕೆಳಮನೆಯಂತೆ 224 ಅಲ್ಲ. ಟೀವಿಯಲ್ಲಿ ನೋಡಿ ನಾನು ಅಂದುಕೊಂಡಿದ್ದಕ್ಕಿಂತ ಚಿಕ್ಕದಾಗಿ, ಹತ್ತಿರವಾಗಿ ಕಂಡಿತು. ಒಂದು ಬದಿಯಲ್ಲಿ ಅಧಿಕಾರಿಗಳ ಸಾಲು. ಎಲ್ಲರ ತೊಡೆಯ ಮೇಲೂ ಫೈಲು. ಒಬ್ಬರು ಪದೇ ಪದೇ ಹಾಳೆ ತಿರುವುತ್ತಿದ್ದರು. ನಮ್ಮ ಪ್ರಶ್ನೆಯ ಫೈಲ್ ಅದೇ ಇರಬಹುದಾ ಅಂತ ನೋಡುತ್ತಾ ಕೂತೆ. ನಮಗಿಂತ ಮೊದಲಿನ ಪ್ರಶ್ನೆಗಳಲ್ಲಿ ಒಂದರ ಮೇಲೆ ಗಲಾಟೆ ಎದ್ದಿತು. ಗಡಿಯಾರದ ಮುಳ್ಳು ಓಡುತ್ತಿತ್ತು. ಪ್ರಶ್ನೋತ್ತರದ ಹೊತ್ತು ಮುಗಿದರೆ ಉಳಿದ ಪ್ರಶ್ನೆಗಳ ಉತ್ತರ ಬರೀ ಕಾಗದದಲ್ಲಿ ಉಳಿಯುತ್ತದೆ, ಉಪಪ್ರಶ್ನೆ ಇಲ್ಲ. ಮೇಷ್ಟ್ರು ನನ್ನ ಕೈ ಮೇಲೆ ಕೈ ಇಟ್ಟರು. ಅವರ ಕೈಯೂ ತಣ್ಣಗಿತ್ತು.

ಕೊನೆಗೂ ಸಭಾಪತಿಗಳು ನಮ್ಮ ಸಂಖ್ಯೆ ಕರೆದರು. ಸಚಿವರು ಎದ್ದರು. “ಉತ್ತರ ಒದಗಿಸಿದೆ ಸಭಾಪತಿಗಳೇ.” ಕೂತರು. ಎಲ್ಲಾ ಸೇರಿ ಮೂರು ಸೆಕೆಂಡ್.

ನಮ್ಮ ಸದಸ್ಯರು ಎದ್ದರು. ಕೈಯಲ್ಲಿ ಅನುಬಂಧ, ಅಂದರೆ ಉತ್ತರದ ಜೊತೆ ಬಂದ ಪಟ್ಟಿ. ಕೂಗಾಡಲಿಲ್ಲ. ಈ ಪಟ್ಟಿಯಲ್ಲಿ ಕೆಲವು ಆಸ್ಪತ್ರೆಗಳ ಎದುರು ಸೊನ್ನೆ ಇದೆ, ಒಂದು ಆಸ್ಪತ್ರೆಯ ಎದುರು ಮೂರು ತಿಂಗಳು ಸೊನ್ನೆ ಇದೆ ಅಂದರು. ಆ ತಿಂಗಳುಗಳಲ್ಲಿ ಅಲ್ಲಿಗೆ ಬಂದ ರೋಗಿಗಳು ಏನು ಮಾಡಿದರು, ಸಚಿವರು ದಯವಿಟ್ಟು ಹೇಳಬೇಕು. ಆಮೇಲೆ ಬಳ್ಳಾರಿಯ ಮಾತು ತೆಗೆದರು. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಒಂದು ಕೆಲಸ ಮಾಡಿ ತೋರಿಸಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೇ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆಯ ಔಷಧಿಯನ್ನು ಹಳ್ಳಿಯ ಹತ್ತಿರಕ್ಕೆ ಒಯ್ದರು. ಆ ಮಾದರಿಯ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶಕ್ಕೆ ಬಂತು. ಇಡೀ ದೇಶಕ್ಕೆ ದಾರಿ ತೋರಿಸಿದ ರಾಜ್ಯದ ರಾಜಧಾನಿಯಲ್ಲಿ ಒಂದು ಇಂಜೆಕ್ಷನ್ ಮೂರು ತಿಂಗಳು ಸಿಗುವುದಿಲ್ಲ ಅಂದರೆ ಹೇಗೆ ಅಂತ ಕೇಳಿದರು. ಬಳ್ಳಾರಿಯ ವಿಷಯ ಮೇಷ್ಟ್ರು ಬರೆದುಕೊಟ್ಟಿದ್ದು. ಪಕ್ಕದಲ್ಲಿ ಅವರು ಕರ್ಚೀಫಿನಿಂದ ಮುಖ ಒರೆಸಿಕೊಂಡರು.

ಅಧಿಕಾರಿಗಳ ಸಾಲಿನಿಂದ ಒಂದು ಚೀಟಿ ಹೋಯಿತು. ಸಚಿವರು ಅದನ್ನು ಓದಿ ಎದ್ದರು. ಖರೀದಿಯಲ್ಲಿ ತಡವಾಗಿದ್ದು ನಿಜ ಅಂದರು. ಇನ್ನು ಮೇಲೆ ದಾಸ್ತಾನು ಮುಗಿಯುವ ಮೊದಲೇ ಸ್ಥಳೀಯವಾಗಿ ಖರೀದಿಸಲು ಸೂಚನೆ ಕೊಡಲಾಗುವುದು ಅಂದರು. ಎಲ್ಲಾ ಸೇರಿ ನಾಲ್ಕೈದು ನಿಮಿಷ ಆಗಿರಬಹುದು. ಸಭಾಪತಿಗಳು ಮುಂದಿನ ಸಂಖ್ಯೆ ಕರೆದರು.

ಚಪ್ಪಾಳೆ ತಟ್ಟಬಾರದು ಅಂದಿದ್ದರಲ್ಲ, ಎರಡು ಕೈಯನ್ನೂ ಒಂದರೊಳಗೊಂದು ಬಿಗಿಯಾಗಿ ಹಿಡಿದುಕೊಂಡು ಕೂತಿದ್ದೆ. ‘ತಡವಾಗಿದ್ದು ನಿಜ.’ ಆ ಕಿಟಕಿಯಲ್ಲಿ ಯಾರೂ ಹೇಳದ ಮಾತು. ಕಾರ್ಯಕಲಾಪದಲ್ಲಿ ಅಚ್ಚಾಗುವ ಮಾತು.

‘ಕೊಡಲಾಗುವುದು’ ಅಂದದ್ದು ಅಲ್ಲೇ ಬಿದ್ದುಹೋಗುವುದಿಲ್ಲ ಅಂತ ಹೊರಗೆ ಬಂದ ಮೇಲೆ ಆಪ್ತ ಸಹಾಯಕರು ಹೇಳಿದರು. ಸದನದಲ್ಲಿ ಸಚಿವರು ಕೊಟ್ಟ ಮಾತನ್ನು ಸರ್ಕಾರಿ ಭರವಸೆಗಳ ಸಮಿತಿ ಪಟ್ಟಿ ಮಾಡಿಕೊಳ್ಳುತ್ತದೆ. ಏನಾಯಿತು ಅಂತ ಇಲಾಖೆಯನ್ನು ಕೇಳುತ್ತದೆ. ಅದಕ್ಕೆ ಕಾಲ ಹಿಡಿಯುತ್ತದೆ, ಆದರೆ ಕಡತ ಮುಚ್ಚುವುದಿಲ್ಲ. ಎಷ್ಟೋ ಜನ ಸದಸ್ಯರು ಪ್ರಶ್ನೆ ಕೇಳಿ ಪತ್ರಿಕೆಯಲ್ಲಿ ಹೆಸರು ಬಂದ ಮೇಲೆ ಇದನ್ನು ಮರೆತುಬಿಡುತ್ತಾರೆ ಅಂತ ನನಗನ್ನಿಸುತ್ತದೆ. ಪ್ರಶ್ನೆ ಕೊಟ್ಟ ನಾವೂ ಮರೆಯುತ್ತೇವೆ. ನಾನು ಮರೆಯಬಾರದು ಅಂತ ಆ ದಿನಾಂಕವನ್ನು ಅದೇ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟೆ.

ಮನೆಗೆ ಬಂದಾಗ ಸಂಜೆಯಾಗಿತ್ತು. ತಮ್ಮ ಬಾಗಿಲಲ್ಲೇ ಕಾಯುತ್ತಿದ್ದ. ಅನುಬಂಧದ ಪ್ರತಿ ಕೈಗೆ ಕೊಟ್ಟೆ. ಅವನು ಒಳಗೆ ಹೋಗಿ ಟ್ರಂಕಿನಿಂದ ಸ್ಟೀಲ್ ಸ್ಕೇಲ್ ತಂದ. ಕೆಲಸ ಬಿಟ್ಟ ದಿನ ತಂದಿಟ್ಟದ್ದು, ಆಮೇಲೆ ನಾನು ಅದನ್ನು ನೋಡಿಯೇ ಇರಲಿಲ್ಲ. ನೆಲದ ಮೇಲೆ ಹಾಳೆ ಹರಡಿ, ಸ್ಕೇಲನ್ನು ಸಾಲಿನ ಕೆಳಗೆ ಅಡ್ಡ ಇಟ್ಟು, ಒಂದೊಂದೇ ಸಾಲು ಕೆಳಗೆ ಜಾರಿಸುತ್ತಾ ಓದಿದ. ನಮ್ಮ ಆಸ್ಪತ್ರೆಯ ಸಾಲು ಬಂತು. ತಿಂಗಳುಗಳ ಮೇಲೆ ಬೆರಳು ಹೋಯಿತು. ಸಂಖ್ಯೆ, ಸಂಖ್ಯೆ, ಸೊನ್ನೆ, ಸೊನ್ನೆ. ಸಂಖ್ಯೆ. ಇನ್ನೂ ಮುಂದೆ ಇನ್ನೊಂದು ಸೊನ್ನೆ. ನನ್ನ ನೋಟ್‌ಬುಕ್ ತರಿಸಿಕೊಂಡು ಪಕ್ಕ ಇಟ್ಟುಕೊಂಡು ತಾಳೆ ನೋಡಿದ.

“ಈ ಸೊನ್ನೆ ಫ್ಯಾನ್ ಆಫ್ ಮಾಡಿದ ತಿಂಗಳು ಅಲ್ವಾ ಅಕ್ಕ?” ಅಂದ.

ಹೌದು ಅಂದೆ. ಅಮ್ಮ ಒಲೆಯ ಮುಂದಿನಿಂದ ಎದ್ದು ಬಂದು ಆ ಸೊನ್ನೆಯನ್ನು ಬಗ್ಗಿ ನೋಡಿದಳು. ಅವಳಿಗೆ ಓದಲು ಬರುವುದಿಲ್ಲ. ಸೊನ್ನೆ ಗೊತ್ತಾಗುತ್ತದೆ.

ಇದಾದ ಮೇಲೆ ಒಂದು ಸಲ ಸ್ಟಾಕ್ ತಡವಾಯಿತು, ಆದರೆ ಆಸ್ಪತ್ರೆಯವರೇ ಹೊರಗಿನಿಂದ ತರಿಸಿ ಕೊಟ್ಟರು. ಫಾರ್ಮಸಿಸ್ಟ್ ಈಗ ನನ್ನ ಮುಖ ನೋಡಿ ಮಾತಾಡುತ್ತಾರೆ. ಹಾಗಂತ ಎಲ್ಲಾ ಸರಿಹೋಯಿತು ಅಂತ ನಾನು ಬರೆಯುವುದಿಲ್ಲ. ಔಷಧಿ ಸಿಕ್ಕಿತು, ಆದರೆ ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ಇಂಥ ಹುಡುಗರು ಎಲ್ಲಿಗೆ ಹೋಗಬೇಕು? ರಾಜ್ಯದಲ್ಲಿ ಮಾನಸಧಾರ ಅಂತ ಹಗಲು ಆರೈಕೆ ಕೇಂದ್ರಗಳ ಯೋಜನೆ ಇದೆ. ಗುಣವಾಗುತ್ತಿರುವವರಿಗೆ ಸಣ್ಣ ಪುಟ್ಟ ಕೆಲಸ ಕಲಿಸಿ, ದಿನಕ್ಕೊಂದು ಲಯ ತರುವ ಜಾಗ. ನನ್ನ ತಮ್ಮನಿಗೆ ಮತ್ತೆ ಲೇತ್ ಸಿಗದಿದ್ದರೂ ಒಂದು ಬೆಂಚ್ ವೈಸ್, ಒಂದು ಅರ, ಅಳೆಯಲು ಒಂದು ವಸ್ತು ಸಿಕ್ಕರೆ ಸಾಕು ಅಂತ ನನ್ನಾಸೆ.

ಹೋದ ಭಾನುವಾರ ಅದರ ಪ್ರಶ್ನೆ ಬರೆಯಲು ಕೂತೆವು. ನಾನು (ಅ) ಹಾಕಿ, ‘ಬೆಂಗಳೂರಿನಲ್ಲಿ ಎಷ್ಟು ಕೇಂದ್ರಗಳು ಕಾರ್ಯನಿರ್ವಹಿಸುತ್ತಿವೆ’ ಅಂತ ಶುರು ಮಾಡಿದೆ. ತಮ್ಮ ಪೆನ್ ಕಿತ್ತುಕೊಂಡ.

“ಯಾವ ದಿನಾಂಕಕ್ಕೆ ಇದ್ದಂತೆ, ಅದನ್ನ ಮೊದಲು ಬರಿ. ಆಮೇಲೆ, ಅವತ್ತು ಒಳಗೆ ಎಷ್ಟು ಜನ ಇದ್ರು ಅಂತ ಕೇಳು.”